ಮಡಿಲಕ್ಕಿಗೆ ರಸೀದಿ

ನಮ್ಮ ಸೋದರತ್ತೆಯ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿಬಿದ್ದಿತ್ತು. ಹುಟ್ಟಿದಾಗಿನಿಂದಲೇ ಹಾಗಂತೆ. ಸಾಧಾರಣ ಮಾತುಕತೆಗೆಲ್ಲ ಅವಳಿಗೆ ಆ ಒಂದೂವರೆ ಕಣ್ಣೇ ಸಾಕಾಗುತ್ತಿತ್ತು. ಎದುರಿಗಿದ್ದವರ ಮಾತು ಎಲ್ಲೋ ಹೊಂದಿಕೆಯಾಗುತ್ತಿಲ್ಲ ಅನ್ನಿಸಿದಾಗ ಮಾತ್ರ ತೋರುಬೆರಳಿನಿಂದ ರೆಪ್ಪೆಯನ್ನು ಮೇಲಕ್ಕೆತ್ತಿ ಹಿಡಿದು, ಎರಡೂ ಕಣ್ಣಿನಿಂದ ನೋಡುತ್ತಿದ್ದಳು. ಹಾಗೆ ನೋಡಿಸಿಕೊಂಡವರು ಮಾತು ಮುಂದುವರಿಸಿದ್ದನ್ನು ನಾನು ಕಂಡಿಲ್ಲ. ಹಸು ಮಾರಲು ಬಂದ ದಲ್ಲಾಳಿಯೊಬ್ಬ ಹಸುವಿನ ವಯಸ್ಸನ್ನು ತಾನೇ ಎರಡು ವರ್ಷ ಏರಿಸಿ ಹೇಳಿ ಹೋದದ್ದುಂಟು.

ಅವಳು ನಮ್ಮಪ್ಪನ ಅಕ್ಕ. ಹುಟ್ಟಿದ್ದು ಕಾಮಗೆರೆಯ ನಮ್ಮ ಮನೆಯಲ್ಲಿ, ಕೊಟ್ಟಿದ್ದು ಯಳಂದೂರಿನ ಪಕ್ಕದ ಮಾಂಬಳ್ಳಿಗೆ. ಎತ್ತಿನ ಗಾಡಿಯಲ್ಲಿ ಬೆಳಗ್ಗೆ ಹೊರಟರೆ ಹೊತ್ತು ಇಳಿಯುವುದರೊಳಗೆ ತಲುಪುವ ದೂರ. ಆದರೆ ಆಗಿನ ಲೆಕ್ಕದಲ್ಲಿ ಅದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದಂತೆ. ಕೊಳ್ಳೇಗಾಲ, ಕಾಮಗೆರೆ, ಹನೂರು ಎಲ್ಲ ಮದರಾಸಿಗೆ ಸೇರಿದ್ದವು. ನಾವು ಬರೆದ ಅರ್ಜಿ ಕೊಯಮತ್ತೂರಿಗೆ ಹೋಗಿ ತಮಿಳಿನಲ್ಲಿ ಉತ್ತರವಾಗಿ ಬರುತ್ತಿತ್ತು, ಓದಿಸಲು ಮತ್ತೆ ಜನ ಹುಡುಕಬೇಕಾಗಿತ್ತು. ಯಳಂದೂರು, ಮಾಂಬಳ್ಳಿ ಮೈಸೂರಿನವು. ಎರಡರ ನಡುವೆ ಇದ್ದದ್ದು ರಸ್ತೆಗೆ ಅಡ್ಡ ಕಟ್ಟಿದ ಒಂದು ಬಿದಿರು ಬೊಂಬು, ಅಷ್ಟೆ. ಅತ್ತೆಗೆ ಈ ವಿಷಯ ಕೊನೆಯವರೆಗೂ ತಲೆಗೆ ಹೋಗಲಿಲ್ಲ. ಹೋಗಲಿಲ್ಲವೋ, ಅವಳು ಹೋಗಗೊಡಲಿಲ್ಲವೋ, ನನಗೆ ಈಗಲೂ ಅನುಮಾನ.

ಅವಳು ತವರಿಗೆ ಬಂದಳೆಂದರೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುತ್ತಿರಲಿಲ್ಲ. ಬಂದವಳು ಕಾಲು ತೊಳೆದ ಮೇಲೆ ಮೊದಲು ಹೋಗುತ್ತಿದ್ದುದು ಅಡುಗೆಮನೆಗೆ. ಸಾರಿಗೆ ಉಪ್ಪು ಕಡಿಮೆ, ಒಲೆ ಹೊಗೆ ಕಾರುತ್ತದೆ, ಬೀಸುಕಲ್ಲಿನ ಮೇಲೆ ಬೆಕ್ಕು ಮಲಗಿದೆ. ಅವ್ವ ಬಾಯಿ ಬಿಡುತ್ತಿರಲಿಲ್ಲ. ಅತ್ತೆ ಹೇಳುತ್ತಿದ್ದದ್ದೆಲ್ಲ ನಿಜವಾಗಿರುತ್ತಿದ್ದುದರಿಂದ ಬಾಯಿ ಬಿಡಲು ಜಾಗವೂ ಇರುತ್ತಿರಲಿಲ್ಲ. ಸುಳ್ಳು ಹೇಳುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಬಂಧುಗಳ ಮನೆಯಲ್ಲಿ ಊಟ ಹೇಗಿತ್ತು ಎಂದು ಕೇಳಿದರೆ ಹೇಗಿತ್ತೋ ಹಾಗೇ ಹೇಳಿಬಿಡುತ್ತಿದ್ದಳು. ಅದರಿಂದಾಗಿ ಎರಡು ಮನೆಯವರು ನಮ್ಮ ಜೊತೆ ಮಾತು ಬಿಟ್ಟಿದ್ದರು.

ಯಾವ ತಕರಾರು ಬಂದರೂ ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ. ಅಣ್ಣತಮ್ಮಂದಿರ ಪಾಲಿನ ಜಗಳವಿರಲಿ, ಕೆರೆ ನೀರಿನ ಸರದಿ ಇರಲಿ, ಎಲ್ಲರೂ ಅರಚಿ ಸುಸ್ತಾಗುವವರೆಗೆ ಸುಮ್ಮನಿದ್ದು ಆಮೇಲೆ ಕೇಳುವಳು: "ಉಂಡೋರ್ಯಾರು, ಎಲೆ ಎತ್ತಿದೋರ್ಯಾರು, ಅದ ಮೊದ್ಲು ಯೋಳಿ." ಈ ಪ್ರಶ್ನೆಯಿಂದ ಬಗೆಹರಿದ ಜಗಳ ಒಂದೂ ಇಲ್ಲ. ಆದರೆ ಅದಾದ ಮೇಲೆ ಜೋರಾಗಿ ಅರಚುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

"ದೇಶದ ಹಿತ" ಎನ್ನುವ ಮಾತು ಅವಳ ಕಿವಿಗೆ ಮೊದಲು ಬಿದ್ದದ್ದು ಯುದ್ಧದ ಕಾಲದಲ್ಲಿ. ಮಾಂಬಳ್ಳಿಯ ಮನೆಯಲ್ಲಿ ಹಿಪ್ಪುನೇರಳೆ ಹೊಲವಿತ್ತು, ನಡುಮನೆಯಲ್ಲಿ ರೇಷ್ಮೆಹುಳುವಿನ ತಟ್ಟೆಗಳು ಸೂರು ಮುಟ್ಟುವಂತೆ ಜೋಡಿಸಿರುತ್ತಿದ್ದವು. ಹುಳು ಸಾಕುವಾಗ ಅತ್ತೆ ಒಗ್ಗರಣೆ ಹಾಕಿದವಳಲ್ಲ, ಹೊರಗಿನವರನ್ನು ಹೊಸಿಲು ದಾಟಲು ಬಿಟ್ಟವಳಲ್ಲ. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಮನೆಯವರೆಲ್ಲ ಪಿಸುಮಾತಿನಲ್ಲೇ ಕಾಲ ಕಳೆಯಬೇಕು. ಅಂಥ ಮನೆಗೆ ಸರ್ಕಾರದ ಕಡೆಯ ಅಧಿಕಾರಿಯೊಬ್ಬ ಬೂಟುಗಾಲಲ್ಲಿ ಬಂದು ನಿಂತನಂತೆ. ಈ ಸಲದ ಗೂಡೆಲ್ಲ ಸರ್ಕಾರಕ್ಕೇ ಕೊಡಬೇಕು, ಯುದ್ಧಕ್ಕೆ ಬೇಕು ಎಂದನಂತೆ. ರೇಷ್ಮೆ ಉಟ್ಟುಕೊಂಡು ಯುದ್ಧ ಮಾಡುತ್ತಾರೆಯೇ ಎಂದು ಅತ್ತೆ ಕೇಳಿದ್ದಾಳೆ. ಆತ ತಾಳ್ಮೆಯಿಂದಲೇ ವಿವರಿಸಿದ. ವಿಮಾನದಿಂದ ಸಿಪಾಯಿಗಳು ಕೆಳಗೆ ಧುಮುಕುತ್ತಾರೆ, ಅವರು ಹಿಡಿದುಕೊಳ್ಳುವ ದೊಡ್ಡ ಛತ್ರಿಯನ್ನು ರೇಷ್ಮೆಯಲ್ಲಿ ಮಾಡುತ್ತಾರೆ, ಇದು ದೇಶದ ಹಿತದ ವಿಷಯ.

ಅತ್ತೆ ರೆಪ್ಪೆ ಎತ್ತಿ ಹಿಡಿದಳು. ಯಾವ ದೇಶ ಎಂದು ಕೇಳಿದಳು. ನನ್ನಪ್ಪನ ಮನೆ ದೇಶವೋ, ಗಂಡನ ಮನೆ ದೇಶವೋ, ಇಲ್ಲ ನಿಮ್ಮ ಬಿಳೀ ದೊರೆಯ ದೇಶವೋ. ಆತ ಗೂಡು ತುಂಬಿಸಿಕೊಂಡು ಹೋದ.

ಆ ವರ್ಷ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಎಷ್ಟೋ ಮಗ್ಗಗಳು ಸದ್ದು ನಿಲ್ಲಿಸಿದವು. ನೂಲೇ ಇಲ್ಲ. ಅತ್ತೆ ತನ್ನ ಮಗಳನ್ನು ಹತ್ತಿಸೀರೆಯಲ್ಲಿ ಧಾರೆ ಎರೆದುಕೊಟ್ಟಳು. ಹನ್ನೆರಡು ತಿಂಗಳು ರೇಷ್ಮೆ ಬೆಳೆಯುವ ಮನೆಯ ಮಗಳಿಗೆ ಹತ್ತಿಸೀರೆ. ಅದೇ ಮುಹೂರ್ತದ ವಾರದಲ್ಲಿ ಯಾರೋ ದೊಡ್ಡ ಮನುಷ್ಯರ ಮನೆಯಲ್ಲೂ ಮದುವೆ ನಡೆದು, ಅಲ್ಲಿ ಚಪ್ಪರದ ತುಂಬ ಜರಿಸೀರೆಗಳು ಓಡಾಡಿದವೆಂದು ಸುದ್ದಿ ಬಂತು. "ಇವ್ರೂ ಇಮಾನ್ದಿಂದ ಧುಮ್ಕುದ್ರೇನೋ" ಎಂದಳಂತೆ. ಆ ಮಾತು ಯಳಂದೂರು ಸಂತೆಯವರೆಗೂ ಹೋಯಿತು.

ಸ್ವಾತಂತ್ರ್ಯ ಬಂದಾಗ ನಾನು ಕೊಳ್ಳೇಗಾಲದಲ್ಲಿ ಹೈಸ್ಕೂಲು ಮುಗಿಸಿದ್ದೆ. ಆಗಿನ ನನ್ನ ಉತ್ಸಾಹ ನೆನೆದರೆ ಈಗ ಮೈ ಪರಚಿಕೊಳ್ಳುವಂತಾಗುತ್ತದೆ. ಖಾದಿ ಟೋಪಿ ಹಾಕಿಕೊಂಡು ಜಗಲಿಯ ಮೇಲೆ ನಿಂತು ಅತ್ತೆಗೆ ಭಾಷಣ ಮಾಡಿದ್ದೆ. ಇನ್ನು ಮೇಲೆ ದೇಶ ಅಂದರೆ ನಾವೇ, ದೇಶದ ಹಿತ ಅಂದರೆ ನಮ್ಮದೇ ಹಿತ, ನಮ್ಮದನ್ನು ಯಾರೂ ಕಸಿಯುವವರಿಲ್ಲ ಎಂದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, ನೀನು ಒಳ್ಳೇ ಹುಡುಗ, ಬೆಳಗ್ಗೆಯಿಂದ ಏನೂ ತಿಂದಿಲ್ಲ, ಒಂದು ರೊಟ್ಟಿ ತಿನ್ನು ಎಂದಳು. ನನಗೆ ಎಷ್ಟು ಕೋಪ ಬಂದಿತ್ತೆಂದರೆ ರೊಟ್ಟಿ ಮುಟ್ಟಲಿಲ್ಲ.

ಮರುವರ್ಷವೋ ಏನೋ ನನಗೆ ಕೆಲಸ ಸಿಕ್ಕಿತು. ಅದು ಕಂಟ್ರೋಲ್ ಕಾಲ. ಅಕ್ಕಿ, ರಾಗಿ, ಸಕ್ಕರೆ, ಸೀಮೆಎಣ್ಣೆ ಎಲ್ಲದಕ್ಕೂ ಚೀಟಿ. ದೇಶದಲ್ಲಿ ಅನ್ನಕ್ಕೆ ತತ್ವಾರವಾಗಿದ್ದದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದ್ದರಿಂದ ಒಂದು ಕಡೆಯ ಅಕ್ಕಿ ಇನ್ನೊಂದು ಕಡೆಗೆ ಪರ್ಮಿಟ್ ಇಲ್ಲದೆ ದಾಟಬಾರದೆಂದು ಹುಕುಂ ಆಯಿತು. ಯಳಂದೂರು ರಸ್ತೆಯ ಗಡಿಯಲ್ಲಿ ಒಂದು ಚೌಕಿ ಕಟ್ಟಿ, ನನ್ನನ್ನು ಹಂಗಾಮಿ ಗುಮಾಸ್ತನನ್ನಾಗಿ ಕೂರಿಸಿದರು. ಒಂದು ಮೇಜು, ಒಂದು ತಕ್ಕಡಿ, ಒಂದು ರಸೀದಿ ಪುಸ್ತಕ. ಬೊಂಬು ಎತ್ತಿ ಇಳಿಸಲು ಮಾರ್ಟಳ್ಳಿ ಕಡೆಯ ಒಬ್ಬ ಪೇದೆ. ಮನೆಯಲ್ಲಿ ತಮಿಳು ಆಡುತ್ತಿದ್ದ, ನಮ್ಮ ಜೊತೆ ಅರ್ಧ ಅದು ಅರ್ಧ ಇದು. ನಮ್ಮ ಮೇಲೊಬ್ಬ ಸಾಹೇಬರು.

ಚೌಕಿ ಏನು ಮಾಡಿತೆಂದರೆ, ಊರು ಊರಿಗೆ ಹೊಸ ಕಾಲುದಾರಿಗಳನ್ನು ಕಲಿಸಿತು. ಗದ್ದೆ ಬದುವಿನ ಮೇಲೆ, ಸುವರ್ಣಾವತಿ ಹೊಳೆಯ ಮಗ್ಗುಲಲ್ಲಿ, ಜನ ಅಕ್ಕಿ ಹೊತ್ತು ಓಡಾಡತೊಡಗಿದರು. ಕೆಲವು ಹೆಂಗಸರು ಸೀರೆಯೊಳಗೆ ಅಕ್ಕಿ ಕಟ್ಟಿಕೊಂಡು ಬಸುರಿಯರಂತೆ ನಡೆದು ಸಿಕ್ಕಿಬಿದ್ದರು. ಹೆಂಗಸರ ಗಂಟನ್ನೂ ಬಿಡದೆ ನೋಡಬೇಕೆಂದು ಮೇಲಿನಿಂದ ಕಾಗದ ಬಂತು. ಇತ್ತ ಕೊಳ್ಳೇಗಾಲದ ಒಬ್ಬ ಮಂಡಿ ಸಾಹುಕಾರರ ಲಾರಿ ವಾರಕ್ಕೊಮ್ಮೆ ಮೂಟೆ ಹೇರಿಕೊಂಡು ಹಗಲಿನಲ್ಲೇ ದಾಟುತ್ತಿತ್ತು. ಅದಕ್ಕೆ ಪರ್ಮಿಟ್ ಇತ್ತು. ಅದರಲ್ಲಿ ಸಾಹೇಬರ ಸಹಿ ಇತ್ತು, ಸಹಿಯ ಮೇಲೆ "ದೇಶದ ಆಹಾರ ಹಿತಕ್ಕಾಗಿ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಾನು ಓದಿ, ಮೊಹರು ಒತ್ತಿ, ಬೊಂಬು ಎತ್ತಿಸುತ್ತಿದ್ದೆ. ಬೇಲಿ ಎದ್ದು ಹೊಲ ಮೇಯುತ್ತಿದ್ದದ್ದು ನನಗೆ ಕಾಣಲಿಲ್ಲವೆಂದು ಹೇಳಿದರೆ ಯಾರೂ ನಂಬಲಾರರು. ಕಂಡಿತ್ತು. ಅದು ಕಾಗದದ ಪ್ರಕಾರ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಹೀಗಿರುವಾಗ ಅತ್ತೆ ನಮ್ಮ ತಂಗಿಯ ಮದುವೆಗೆ ಕಾಮಗೆರೆಗೆ ಬಂದಳು. ವಾರ ಇದ್ದು, ಉಪ್ಪು ಒಲೆ ಬೆಕ್ಕು ಎಲ್ಲವನ್ನೂ ವಿಚಾರಿಸಿ, ಹೊರಡುವ ದಿನ ಬಂತು. ಹೆಣ್ಣುಮಗಳು ತವರಿನಿಂದ ಹೊರಡುವಾಗ ಮಡಿಲು ತುಂಬಿಸದೆ ಕಳಿಸುವುದುಂಟೇ. ಅವ್ವ ಅವಳಿಗೆಂದೇ ಎರಡು ವರ್ಷದಿಂದ ಮಣ್ಣಿನ ವಾಡೆಯಲ್ಲಿ ಎತ್ತಿಟ್ಟಿದ್ದ ಸಣ್ಣಕ್ಕಿಯನ್ನು ತೆಗೆದು, ಅರಿಸಿನ ಸವರಿ, ಐದು ಸೇರು ಅಳೆದು ಸೆರಗಿಗೆ ಸುರಿದಳು. ಮೇಲೆ ಕಾಯಿ, ಬೆಲ್ಲ, ಎಲೆಅಡಿಕೆ, ರವಿಕೆ ಕಣ. ಅತ್ತೆ ಅದರಿಂದ ಮೂರು ಹಿಡಿ ತವರಿನ ಮೊರಕ್ಕೆ ವಾಪಸು ಹಾಕಿ, ಇಲ್ಲಿ ಕಡಿಮೆಯಾಗದಿರಲಿ ಎಂದು ಹರಸಿ, ಉಳಿದದ್ದನ್ನು ಸೊಂಟಕ್ಕೆ ಕಟ್ಟಿದಳು. ಕಟ್ಟಿದ ಗಂಟನ್ನು ಗಂಡನ ಮನೆಯ ದೇವರ ಗೂಡಿನ ಮುಂದೆಯೇ ಬಿಚ್ಚಬೇಕು, ನಡುದಾರಿಯಲ್ಲಿ ಬಿಚ್ಚಬಾರದು. ಬಿಚ್ಚಿದರೆ ತವರಿಗೂ ಏಳಿಗೆಯಲ್ಲ, ಗಂಡನಿಗೂ ಆಯುಸ್ಸಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಯಾರೋ ಆಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು.

ಗಾಡಿ ಚೌಕಿಗೆ ಬಂದಾಗ ಮಧ್ಯಾಹ್ನದ ಬಿಸಿಲು. ಆ ದಿನ ಸಾಹೇಬರು ತಪಾಸಣೆಗೆಂದು ಬಂದು ಹೊಂಗೆಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಪೇಪರು ಓದುತ್ತಿದ್ದರು. ಅತ್ತೆ ಇಳಿದು ಬಂದವಳೇ ಉಂಡೆಯಾ ಎಂದು ಕೇಳಿದಳು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ: ಕಂಡವರ ಹೆಂಡಿರ ಗಂಟನ್ನೆಲ್ಲ ಬಿಚ್ಚಿಸಿದ್ದೇನೆ, ನಮ್ಮ ಮನೆಯವಳನ್ನು ಬಿಟ್ಟರೆ ನಾಳೆ ಜನ ಏನನ್ನುತ್ತಾರೆ, ತನ್ನವರಿಗೊಂದು ನ್ಯಾಯ ಊರವರಿಗೊಂದು ನ್ಯಾಯವೇ. ಇದು ನ್ಯಾಯದ ಯೋಚನೆ ಎಂದೇ ನಾನು ತಿಳಿದಿದ್ದೆ. ಮಡಿಲಲ್ಲಿ ಏನಿದೆ ಎಂದು, ಸಾಹೇಬರಿಗೂ ಕೇಳಿಸುವಷ್ಟು ಜೋರಾಗಿ ಕೇಳಿದೆ.

ಗಾಡಿ ಹೊಡೆಯುವವನು ಬುದ್ಧಿವಂತ. ರಾಗಿ ಸಾ, ರಾಗಿ ಎಂದ. ಅತ್ತೆ ಅವನ ಕಡೆ ತಿರುಗಿದಳು.

"ಯಾಕ್ಲಾ ಸುಳ್ಳೇಳಿಯೇ? ಮಡ್ಲಿಗೆ ಯಾರಾರ ರಾಗಿ ಉಯ್ದಾರ?" ಎಂದು ಗದರಿ, ನನ್ನ ಕಡೆ ನೋಡಿದಳು. "ಅಕ್ಕಿ ಕಣ್ಲಾ ಮೊಗ. ನಿಮ್ಮವ್ವ ಉಯ್ದದ್ದು."

ಮುಗಿಯಿತಲ್ಲ. ಅವಳು ರಾಗಿ ಎಂದಿದ್ದರೆ ನಾನು ರಾಗಿ ಎಂದೇ ಬರೆದುಕೊಂಡು ಬಿಡುತ್ತಿದ್ದೆನೋ ಏನೋ. ರಾಗಿಗೂ ಕಂಟ್ರೋಲ್ ಇತ್ತು, ಅದು ಬೇರೆ ಮಾತು. ಹಾವೂ ಸಾಯದೆ ಕೋಲೂ ಮುರಿಯದೆ ಯಾವುದಾದರೂ ದಾರಿ ಸಿಗುತ್ತಿತ್ತು. ಹೊಳೆಯ ಮಗ್ಗುಲ ಕಾಲುದಾರಿಯಲ್ಲಿ ಬಂದಿದ್ದರೆ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಆಮೇಲೊಂದು ದಿನ ಇದನ್ನೇ ಅವಳ ಮೇಲೆ ಹಾಕಿ ರೇಗಿದಾಗ, ಅಪ್ಪನ ಮನೆ ಅಕ್ಕಿಯನ್ನು ಕಳ್ಳದಾರಿಯಲ್ಲಿ ಹೊರಬೇಕೇ ಎಂದು ಕೇಳಿದಳು. ಇಂಥವರಿಗೆ ಏನು ಹೇಳುವುದು.

ನಾನು ಕಾನೂನು ಹೇಳಿದೆ. ಇದು ದೇಶದ ಹಿತಕ್ಕೆ ಮಾಡಿದ್ದು, ಎಲ್ಲರಿಗೂ ಒಂದೇ, ಐದು ಸೇರಾದರೂ ಸರಿ ಐದು ಹಿಡಿಯಾದರೂ ಸರಿ ಎಂದೆ. ದೇಶಕ್ಕೆ ಅಷ್ಟೊಂದು ಹಸಿವಾಗಿದೆಯೇ ಎಂದು ಅವಳು ಕೇಳಿದಳು. ಆಡಿಕೊಳ್ಳಲು ಕೇಳಿದ್ದಲ್ಲ, ಹಸಿದಿದೆ ಎಂದರೆ ಕೊಟ್ಟುಬಿಡುವವಳಂತೆ ಕೇಳಿದಳು. ಅಷ್ಟರಲ್ಲಿ ಆ ಮಂಡಿ ಸಾಹುಕಾರರ ಲಾರಿ ಬಂತು. ನಾನು ಪರ್ಮಿಟ್ ನೋಡಿ ಮೊಹರು ಒತ್ತಿದೆ, ಪೇದೆ ಬೊಂಬು ಎತ್ತಿದ, ಲಾರಿ ಧೂಳೆಬ್ಬಿಸಿಕೊಂಡು ಮೈಸೂರು ಸೀಮೆಗೆ ಹೋಯಿತು. ಅತ್ತೆ ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ಆ ಲಾರಿ ಮರೆಯಾಗುವವರೆಗೂ ನೋಡಿದಳು. ಆಮೇಲೆ ಅದೇ ಕಣ್ಣಿನಿಂದ ನನ್ನನ್ನು ನೋಡಿದಳು.

"ಅಷ್ಟ್ ಮೂಟೆ ಓದ್ರೂ ದೇಸಕ್ಕೆ ಒಳ್ಳೇದು. ನನ್ ಮಡ್ಲುದು ಓದ್ರೆ ಕೆಟ್ಟದು. ಅಂಗಾ?"

ಅದಕ್ಕೆ ಕಾಗದ ಇದೆ ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ. ಪೇದೆ ಹತ್ತಿರ ಬಂದು ಮೆಲ್ಲಗೆ, "ವಿಡುಂಗ ಸಾ, ಬುಟ್ಬುಡಿ, ಹೆಣ್ಮಗಳ ಮಡ್ಲು ಅದು, ಮುಟ್ಬಾರ್ದು" ಎಂದ. ನನಗಿಂತ ಹದಿನೈದು ವರ್ಷ ದೊಡ್ಡವನು, ನಾಲ್ಕು ಹೆಣ್ಣುಮಕ್ಕಳ ತಂದೆ. ನಿನ್ನ ಕೆಲಸ ನೀನು ನೋಡು ಎಂದು ಅವನಿಗೆ ಗದರಿದೆ.

ನಾನು ಗಂಟಿಗೆ ಕೈಹಾಕಲು ಅತ್ತೆ ಬಿಡಲಿಲ್ಲ. ಕಾಮಗೆರೆಯ ದಿಕ್ಕಿಗೆ ಮುಖ ಮಾಡಿ ನೆಲದ ಮೇಲೆ ಕೂತಳು. ತಾನೇ ಗಂಟು ಬಿಚ್ಚಿ, ಚೌಕಿಯ ಚೀಲಕ್ಕೆ ಅಕ್ಕಿಯನ್ನು ಒಂದು ಕಾಳೂ ಚೆಲ್ಲದಂತೆ ಸುರಿದಳು. ಕಾಯಿಗೆ ಬೆಲ್ಲಕ್ಕೆ ಅಡ್ಡಿಯಿಲ್ಲ, ಅದನ್ನು ಇಟ್ಟುಕೋ ಎಂದೆ. ಅಂಥ ಹೊತ್ತಿನಲ್ಲೂ ಉದಾರಿಯಾಗಲು ಹೋದವನು ನಾನು. ಅಕ್ಕಿ ಇಲ್ಲದ ಮಡಿಲಿಗೆ ಕಾಯಿ ಯಾಕೆ, ಅದನ್ನೂ ದೇಶವೇ ತಿನ್ನಲಿ ಎಂದು ಮೇಜಿನ ಮೇಲಿಟ್ಟಳು. ನಾನು ರಸೀದಿ ಹರಿದುಕೊಟ್ಟೆ. ಇದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ದೇಶದ ಹಿತಕ್ಕಾಗಿ ವಶಕ್ಕೆ ತೆಗೆದುಕೊಳ್ಳಲಾಗಿದೆ, ಕೆಳಗೆ ನನ್ನ ಸಹಿ ಎಂದೆ. ಅವಳು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅಕ್ಕಿ ಕಟ್ಟಿದ್ದ ಸೆರಗಿನ ಜಾಗದಲ್ಲೇ ಗಂಟು ಹಾಕಿ, ಗಾಡಿ ಹತ್ತಿದಳು.

ಮಾಂಬಳ್ಳಿಯಲ್ಲಿ ದೇವರ ಗೂಡಿನ ಮುಂದೆ ಕೂತು ಆ ಗಂಟು ಬಿಚ್ಚಿ, ರಸೀದಿ ಇಟ್ಟು, ಕೈಮುಗಿದಳಂತೆ. ಮಾವನಿಗೆ, ಈ ಸಲ ನಮ್ಮಪ್ಪನ ಅಟ್ಟಿಯೋರು ಕಾಗದ ಕೊಟ್ಟು ಕಳಿಸವ್ರೆ ಎಂದಳಂತೆ. ಮಾವ ಸಾಧು ಮನುಷ್ಯ, ನಕ್ಕರಂತೆ. ಇದನ್ನೆಲ್ಲ ಗಾಡಿಯವನು ಊರಿಗೆಲ್ಲ ಹೇಳಿಕೊಂಡು ಬಂದ. ಅವ್ವ ನನಗೆ ಅಂದಿನಿಂದ ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಇನ್ನೂ ಹಾಕಲೇ ಎಂದು ಕೇಳುವುದನ್ನು ಮಾತ್ರ ಬಿಟ್ಟಳು.

ಸಾಹೇಬರು ಆ ಹೊತ್ತಿನಲ್ಲಿ ಪೇಪರಿನಿಂದ ತಲೆ ಎತ್ತಿರಲೇ ಇಲ್ಲವೆಂದು ಪೇದೆ ಆಮೇಲೆ ಹೇಳಿದ. ನಾನು ಅಷ್ಟು ಜೋರಾಗಿ ಕೇಳಿದ್ದು ಮರಕ್ಕೆ. ಆದರೆ ಸುದ್ದಿ ಅವರ ಕಿವಿಗೆ ಬಿದ್ದು, ಸ್ವಂತ ಅತ್ತೆಯನ್ನೂ ಬಿಡದ ಹುಡುಗ ಎಂದು ತುಂಬ ಸಂತೋಷಪಟ್ಟು, ಎರಡು ದಿನ ಬಿಟ್ಟು ನನ್ನನ್ನು ತಮ್ಮ ಬಿಡಾರಕ್ಕೆ ಊಟಕ್ಕೆ ಕರೆದರು. ಮಂಡಿ ಸಾಹುಕಾರರೂ ಬಂದಿದ್ದರು. ಇಂಥ ಹುಡುಗರು ದೇಶಕ್ಕೆ ಬೇಕು ಎಂದು ಸಾಹೇಬರು ಹೇಳಿದರು, ಸಾಹುಕಾರರು ಹೌದು ಹೌದು ಎಂದರು. ನನಗೂ ಹಾಗೇ ಅನ್ನಿಸುತ್ತಿತ್ತು.

ಎಲೆಗೆ ಅನ್ನ ಬಿತ್ತು. ಹಳೇ ಸಣ್ಣಕ್ಕಿಯ ಉದುರುದುರಾದ ಅನ್ನ. ಅದರಲ್ಲಿ ಅಲ್ಲಲ್ಲಿ ಹಳದಿ ಅಗುಳು.

ಮಡಿಲಕ್ಕಿಗಲ್ಲದೆ ಬೇರೆ ಯಾವ ಅಕ್ಕಿಗೂ ನಮ್ಮ ಕಡೆ ಅರಿಸಿನ ಸವರುವುದಿಲ್ಲ. ತೊಳೆದರೂ ಪೂರ್ತಿ ಹೋಗಿರಲಿಲ್ಲ. ಚೌಕಿಯಿಂದ ಉಗ್ರಾಣಕ್ಕೆ ಹೋಗಬೇಕಾಗಿದ್ದ ಚೀಲ ದಾರಿಯಲ್ಲಿ ಬಿಡಾರಕ್ಕೆ ಇಳಿದಿತ್ತು. ಎಷ್ಟು ದಿನದಿಂದ ಹಾಗೆ ಇಳಿಯುತ್ತಿತ್ತೋ. ನಮ್ಮವ್ವ ಎರಡು ವರ್ಷ ಹುಳು ಹಿಡಿಯದಂತೆ ಕಾಪಾಡಿದ ಅಕ್ಕಿ, ಅತ್ತೆ ಮೂರು ಹಿಡಿ ವಾಪಸು ಕೊಟ್ಟು ಹರಸಿದ ಅಕ್ಕಿ, ಸಾಹೇಬರ ಎಲೆಯಲ್ಲೂ ಇತ್ತು, ಸಾಹುಕಾರರ ಎಲೆಯಲ್ಲೂ ಇತ್ತು, ನನ್ನ ಎಲೆಯಲ್ಲೂ ಇತ್ತು. ಆಗ ನಾನು ಎಲೆ ಬಿಟ್ಟು ಎದ್ದುಬಂದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಎದ್ದುಬರಲಿಲ್ಲ. ಸಾಹೇಬರ ಮುಂದೆ ಎದ್ದುಬರುವುದು ಹೇಗೆ ಎಂದು ಹೆದರಿ, ಸಾರು ಕಲಸಿ ಉಂಡೆ. ಎರಡನೇ ಸಲ ಬಡಿಸಿದಾಗಲೂ ಬೇಡವೆನ್ನಲಿಲ್ಲ. ಕೆಲಸವನ್ನೂ ಬಿಡಲಿಲ್ಲ, ಚೌಕಿ ಇರುವವರೆಗೂ ಇದ್ದೆ. ಎಷ್ಟು ನಾಚಿಕೆಯಾಗಿತ್ತೆಂದರೆ ಅದನ್ನು ಯಾರಿಗೂ ಹೇಳುವಷ್ಟು ಧೈರ್ಯವೂ ಉಳಿದಿರಲಿಲ್ಲ.

ವರ್ಷ ತುಂಬುವುದರೊಳಗೆ ಮಾವ ತೀರಿಕೊಂಡರು. ಮೂರು ದಿನದ ಜ್ವರ, ಅಷ್ಟೆ. ಗಂಟು ಬಿಚ್ಚಿದ್ದರಿಂದ ಹೀಗಾಯಿತೆಂದು ನಾನು ನಂಬುವವನಲ್ಲ. ಆದರೆ ಊರು ನಂಬಿತು, ಅವ್ವ ನಂಬಿದಳು, ಮಾಂಬಳ್ಳಿಯ ಜಗಲಿಯಲ್ಲಿ ಕೂತಿದ್ದ ಹೆಂಗಸರು ನಾನು ಒಳಗೆ ಹೋದಾಗ ಮಾತು ನಿಲ್ಲಿಸಿದರು. ಗಂಡ ಇಲ್ಲದವಳಿಗೆ ತವರಿನವರು ಮಡಿಲು ತುಂಬುವ ಹಾಗಿಲ್ಲ. ಅತ್ತೆಗೆ ಸಲ್ಲಬೇಕಾಗಿದ್ದ ಕೊನೆಯ ಮಡಿಲಕ್ಕಿ ಅದೇ ಆಗಿತ್ತು. ಅದಾದ ಮೇಲೆ ಅವಳು ಕಾಮಗೆರೆಗೆ ಬಂದಾಗಲೆಲ್ಲ ಹೊರಡುವ ಹೊತ್ತಿನಲ್ಲಿ ಸುಮ್ಮನೆ ಎದ್ದು ಬರಿಗೈಯಲ್ಲಿ ಹೋಗುತ್ತಿದ್ದಳು, ಅವ್ವ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ನಾನು ಇಬ್ಬರಿಗೂ ಮುಖ ತೋರಿಸಲಾರದೆ ಹೊಲದ ಕಡೆ ಹೋಗಿಬಿಡುತ್ತಿದ್ದೆ. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಸರ್ಕಾರವನ್ನು ಮಾತ್ರ ಬಾಯಿತುಂಬ ಬಯ್ಯುತ್ತಿದ್ದಳು, ನನ್ನ ಮುಂದೆಯೇ, ಅದರ ಅನ್ನ ನಾನು ಉಣ್ಣುತ್ತಿಲ್ಲವೇನೋ ಎಂಬಂತೆ.

ಕೆಲವು ವರ್ಷ ಕಳೆದ ಮೇಲೆ ಅವಳು ಮಾಂಬಳ್ಳಿಯಲ್ಲಿ ಹಾಸಿಗೆ ಹಿಡಿದಳು. ಕಾಮಗೆರೆಯ ಆಸ್ಪತ್ರೆಗೆ ತೋರಿಸೋಣ, ನಮ್ಮ ಮನೆಯಲ್ಲೇ ಇರು ಎಂದರೆ, ನಿಮ್ಮವ್ವನ ಸಾರು ಉಂಡು ಬದುಕಬೇಕಾ ಎಂದಳು. ನಾನೊಬ್ಬನೇ ಅವಳ ಪಕ್ಕ ಕೂತಿದ್ದ ಒಂದು ಸಂಜೆ, ಹೇಳದಿದ್ದರೆ ಇನ್ನು ಹೇಳಲಾಗುವುದಿಲ್ಲ ಅನ್ನಿಸಿ, ಆ ಊಟದ ವಿಷಯ ಹೇಳಿಬಿಟ್ಟೆ. ಹಳದಿ ಅಗುಳಿನ ವಿಷಯ, ಎರಡನೇ ಸಲ ಬಡಿಸಿಕೊಂಡ ವಿಷಯ, ಏನೂ ಬಿಡಲಿಲ್ಲ.

ಅತ್ತೆ ನನ್ನ ಕಡೆ ಮಗ್ಗುಲಾದಳು.

"ನೀನೇ ಉಂಡ್ಯಾ?"

ಹೂಂ ಎಂದೆ.

"ಎಂಗಿತ್ತು?"

ಚೆನ್ನಾಗಿತ್ತು ಎಂದೆ. ಸುಳ್ಳು ಹೇಳಲು ಆಗಲಿಲ್ಲ.

"ಅಳೇ ಅಕ್ಕಿ ಕಣ್ಲಾ ಅದು, ಚೆಂದಾಗೇ ಇರ್ತದ. ಓಗ್ಲಿ ಬುಡು. ಸಾಯ್ಬ ಉಂಡಿರ್ತಾನ, ಸಾವ್ಕಾರ ಉಂಡಿರ್ತಾನ ಅಂತ ಇಷ್ಟ್ ವರ್ಸ ಹೊಟ್ಟೆ ಉರ್ಕಂಡಿವ್ನಿ. ನನ್ ತಮ್ಮುನ್ ಮಗನೂ ಉಂಡವ್ನೆ ಅಂದ್ರ ಅಷ್ಟಾರ ಸಮಾಧಾನ."

ನನಗೆ ಅಳು ಬಂತು. ಅವಳು ಅಳಬೇಡ ಎನ್ನಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ, ಅಲ್ಲಿಂದಲೇ ಹೇಳಿದಳು.

"ಒಂದ್ ಮಾತ್ ಯೋಳು ಮೊಗ. ನೀನು ಉಂಡ್ಬುಟ್ಟು ದೇಸಕ್ಕೆ ಅಂತ ಯಾಕ್ಲಾ ಬರ್ಕೊಟ್ಟೆ? ನಂಗೇ ಬೇಕು ಅತ್ತೆ ಅಂದಿದ್ರ ನಾನು ಇಲ್ಲ ಅಂತಿದ್ನಾ?"

ಬರೆಯುವಾಗ ನಾನೇ ಉಣ್ಣುತ್ತೇನೆಂದು ಗೊತ್ತಿರಲಿಲ್ಲ ಎನ್ನಲೇ? ಯಾರು ಉಣ್ಣುತ್ತಾರೆಂದು ಕೇಳದೆ ಬರೆದೆನಲ್ಲ, ಅದೇ ತಪ್ಪು. ಇಷ್ಟು ಸರಳವಾದ ಮಾತನ್ನು ನನಗೆ ಯಾವ ಸ್ಕೂಲಿನಲ್ಲೂ ಯಾರೂ ಹೇಳಿಕೊಡಲಿಲ್ಲ. ನಾನು ಜಗಲಿಯ ಮೇಲೆ ನಿಂತು ಭಾಷಣ ಮಾಡಿದ್ದೆನಲ್ಲ, ಆಗಲೇ ಅವಳಿಗೆ ಗೊತ್ತಿತ್ತು. ರೊಟ್ಟಿ ತಿನ್ನು ಅಂದಳೇ ಹೊರತು ನನಗೆ ಬುದ್ಧಿ ಹೇಳಲಿಲ್ಲ. ಆ ವಿಷಯಕ್ಕೆ ಈಗಲೂ ಅವಳ ಮೇಲೆ ನನಗೆ ಕೋಪವಿದೆ.

ಹದಿನೈದು ದಿನಕ್ಕೆ ಅವಳು ಹೋದಳು. ಸುದ್ದಿ ಬಂದಾಗ ಅವ್ವ ಅತ್ತು ಮುಗಿಸಿ, ಎದ್ದು, ವಾಡೆಯಿಂದ ಅಕ್ಕಿ ತೆಗೆದು ಐದು ಸೇರು ಅಳೆದು ನನ್ನ ಪಂಚೆಗೆ ಸುರಿದಳು. ಹೆಣದ ಬಾಯಿಗೆ ಹಾಕಲು ಮೂರು ಕಾಳು ಸಾಕು, ಇಷ್ಟು ಯಾಕವ್ವ ಎಂದೆ. ಅವಳು ಪಂಚೆಯ ತುದಿಗಳನ್ನು ಎಳೆದು ಗಂಟು ಹಾಕಿದಳು. ಕಂಟ್ರೋಲ್ ಆ ಹೊತ್ತಿಗೆ ಮುಗಿದಿತ್ತು. ಚೌಕಿಯ ಬೊಂಬನ್ನು ಯಾರೋ ಕಿತ್ತುಕೊಂಡು ಹೋಗಿದ್ದರು, ಮೇಜು ಇರಲಿಲ್ಲ, ಹೊಂಗೆಮರದ ಕೆಳಗೆ ಮೇಕೆಗಳು ಮಲಗಿದ್ದವು. ಅಕ್ಕಿ ದಾಟಿದರೆ ದೇಶಕ್ಕೆ ಈಗ ಏನೂ ಆಗುತ್ತಿರಲಿಲ್ಲ. ಯಾರಾದರೂ ಅಡ್ಡಹಾಕಿ, ಗಂಟಿನಲ್ಲಿ ಏನಿದೆ ಎಂದು ಕೇಳಲಿ ಅನ್ನಿಸಿತು. ಕೇಳಿದವನ ಕೊರಳಪಟ್ಟಿ ಹಿಡಿಯಬೇಕು ಅನ್ನುವಷ್ಟು ಸಿಟ್ಟಿತ್ತು. ಯಾರೂ ಕೇಳಲಿಲ್ಲ.

ಮಾಂಬಳ್ಳಿಯಲ್ಲಿ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಂಧುಗಳೆಲ್ಲ ಸರದಿಯಾಗಿ ಬಾಯಿಗೆ ಅಕ್ಕಿಕಾಳು ಹಾಕುತ್ತಿದ್ದರು. ನನ್ನ ಸರದಿ ಬಂದಾಗ ಮೂರು ಕಾಳು ಹಾಕಿದೆ. ಆಮೇಲೆ ಪಂಚೆಯ ಗಂಟು ಬಿಚ್ಚಿ, ಐದು ಸೇರನ್ನೂ ಅವಳ ಮಡಿಲಿಗೆ ಸುರಿದೆ. ಗಂಡ ಇಲ್ಲದವಳ ಮಡಿಲಿಗೆ ಸುರಿಯುವಂತಿಲ್ಲ, ಅದರಲ್ಲೂ ಗಂಡಸು ಸುರಿಯುವಂತೆಯೇ ಇಲ್ಲ. ಹಿರಿಯರೊಬ್ಬರು ತಡೆಯಲು ಮುಂದೆ ಬಂದು ಏನೋ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಅಕ್ಕಿ ಜಾರಿ ಕೆಳಗೆ ಬೀಳದಂತೆ ಅವಳ ಸೆರಗನ್ನು ನಾನೇ ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳನ್ನು ಎತ್ತುವವರೆಗೂ ಅಲ್ಲೇ ಕೂತಿದ್ದೆ.